ಮೊದಲನೆಯ ತಂತಿವಾದ್ಯ: ಗಿಟಾರಿನ ಚರಿತ್ರೆಯೂ ಆಯ್ಕೆಯೂ

“ಕುಣಿಯಲಾರದವಳು ನೆಲ ಡೊಂಕು ಎಂದಳಂತೆ” ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ತನ್ನ ಅಸಾಮರ್ಥ್ಯವನ್ನು ಮರೆಸುವುದಕ್ಕಾಗಿ ಸಾಧನದ ಮೇಲೆ ತಪ್ಪು ಹೊರಿಸುವವರನ್ನು ಕಂಡು ನಗುವುದೇ ಆ ಗಾದೆಯ ಉದ್ದೇಶ. ಆದರೆ ನೆಲವು ನಿಜವಾಗಿಯೇ ಡೊಂಕಾಗಿದ್ದ ಪಕ್ಷದಲ್ಲಿ ಕುಣಿಯುವವಳ ಗತಿಯೇನೆಂಬುದನ್ನು ಗಾದೆಯು ಹೇಳುವುದಿಲ್ಲ. ಹೊಸದಾಗಿ ಗಿಟಾರು ಕಲಿಯಹೊರಟ ಎಳೆಯರ ವಿಷಯದಲ್ಲಿ ಈ ಪ್ರಶ್ನೆಯು ಬರಿಯ ವಿನೋದದ ಮಾತಾಗಿ ಉಳಿಯದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಊರುಗಳ ಸುತ್ತಣ ಮನೆಗಳಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗನೋ ಹುಡುಗಿಯೋ ‘ನನಗೊಂದು ಗಿಟಾರು ಬೇಕು’ ಎಂದು ಹಟ ಹಿಡಿಯುವುದು ಈಗ ಅಪೂರ್ವವಲ್ಲ. ತಂದೆಯಾದವನು ಅಂಗಡಿಗೆ ಹೋಗಿ, ಬಣ್ಣವನ್ನೂ ಬೆಲೆಯನ್ನೂ ನೋಡಿ, ಒಂದನ್ನು ತಂದುಕೊಡುತ್ತಾನೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಅದು ಗೋಡೆಯ ಮೊಳೆಗೆ ಏರುತ್ತದೆ. ಮಗುವಿಗೆ ಸಂಗೀತವು ಒಲಿಯಲಿಲ್ಲವೆಂದು ಮನೆಯ ಹಿರಿಯರು ತೀರ್ಪು ಕೊಡುತ್ತಾರೆ. ಮಗುವೂ ಅದನ್ನು ನಂಬಿ ಮುಂದೆ ಯಾವ ವಾದ್ಯವನ್ನೂ ಮುಟ್ಟದೆ ಬೆಳೆಯುತ್ತದೆ. ತಪ್ಪು ಮಗುವಿನದೋ ವಾದ್ಯದ್ದೋ ಎಂಬ ವಿಚಾರಣೆ ಮಾತ್ರ ನಡೆಯುವುದೇ ಇಲ್ಲ. ಆ ವಿಚಾರಣೆಗೆ ಸಾಕ್ಷ್ಯವನ್ನೀಯಬಲ್ಲುದು ವಾದ್ಯದ ಚರಿತ್ರೆ. ಗಿಟಾರಿನ ಒಂದೊಂದು ಅಂಗವೂ ಯಾವುದೋ ಕಾಲದಲ್ಲಿ, ಯಾವುದೋ ನಾಡಿನಲ್ಲಿ, ಯಾವುದೋ ಅವಶ್ಯಕತೆಯಿಂದ ಹುಟ್ಟಿತು. ಆ ಕಾರಣವನ್ನರಿತವನಿಗೆ, ಕೊಳ್ಳುವಾಗ ಏನನ್ನು ನೋಡಬೇಕೆಂಬುದು ತಾನಾಗಿಯೇ ತಿಳಿದುಬರುತ್ತದೆ.

ಹೆಸರೂ ರೂಪವೂ

ಗಿಟಾರು, ಸಿತಾರ ಎಂಬ ಎರಡು ಹೆಸರುಗಳ ಧ್ವನಿಸಾಮ್ಯವನ್ನು ಕಂಡು ಅವೆರಡೂ ಒಂದೇ ಬೇರಿನ ಶಬ್ದಗಳೆಂದು ಹಲವರು ಭಾವಿಸುವುದುಂಟು. ಸಿತಾರವು ಮೂರು ತಂತಿಯೆಂಬರ್ಥದ ಪಾರಸಿ ಶಬ್ದದಿಂದ ಬಂದಿತು. ಗಿಟಾರೆಂಬುದಾದರೋ ಗ್ರೀಕರ ‘ಕಿಥಾರ’ದಿಂದ ಹೊರಟು, ಅರಬಿಯ ಮಾರ್ಗವಾಗಿ ಸ್ಪೇನನ್ನು ಸೇರಿ, ಅಲ್ಲಿ ‘ಗಿತಾರ್ರಾ’ ಎನಿಸಿ, ಯೂರೋಪಿನ ಉಳಿದ ಭಾಷೆಗಳಿಗೆ ಹಬ್ಬಿತು. ಹದಿನಾರನೆಯ ಶತಮಾನದ ಗಿಟಾರಿಗೆ ನಾಲ್ಕು ಜೊತೆ ತಂತಿಗಳಿದ್ದುವು. ಮುಂದಿನ ಶತಮಾನದಲ್ಲಿ ಐದು ಜೊತೆಯ ವಾದ್ಯವು ಪ್ರಚಾರಕ್ಕೆ ಬಂದಿತು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಜೋಡಿಗಳು ಬಿಟ್ಟುಹೋಗಿ ಆರು ಒಂಟಿ ತಂತಿಗಳು ನೆಲೆಗೊಂಡುವು.

ಇಂದಿನ ಗಿಟಾರಿನ ಆಕೃತಿಯನ್ನು ನಿಶ್ಚಯಿಸಿದವರಲ್ಲಿ ಮುಖ್ಯನಾದವನು ಸ್ಪೇನಿನ ಆಲ್ಮೇರಿಯಾ ಪಟ್ಟಣದ ಆಂಟೋನಿಯೋ ಡಿ ಟೋರೆಸ್ (1817–1892). ಈತನು ಒಡಲನ್ನು ದೊಡ್ಡದು ಮಾಡಿ, ಮೇಲುಹಲಗೆಯನ್ನು ತೆಳುವಾಗಿಸಿ, ಅದರ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಸಣ್ಣ ಪಟ್ಟಿಗಳನ್ನು ಅಂಟಿಸಿದನು. ತಂತಿಯ ನುಡಿಯುವ ಭಾಗಕ್ಕೆ ಈತನು ನೆಲೆಗೊಳಿಸಿದ 650 ಮಿಲಿಮೀಟರಿನ ಉದ್ದವೇ ಇಂದಿಗೂ ಸ್ಪೇನಿನ ರೀತಿಯ ಗಿಟಾರುಗಳಿಗೆ ಪ್ರಮಾಣವಾಗಿದೆ. ಈ ಅಳತೆಯು ಪ್ರಾಯಕ್ಕೆ ಬಂದವರ ಕೈಗೆ ಹೊಂದುವಂತಹದು. ಎಂಟು ವರ್ಷದ ಮಗುವಿನ ಕೈಗೆ ಇದನ್ನೇ ಕೊಟ್ಟರೆ ಬೆರಳುಗಳು ಮೆಟ್ಟಿನಿಂದ ಮೆಟ್ಟಿಗೆ ಮುಟ್ಟಲಾರವು. ಅರ್ಧ, ಮುಕ್ಕಾಲು ಎಂಬ ಹೆಸರಿನ ಸಣ್ಣ ಗಿಟಾರುಗಳು ತಯಾರಾಗುವುದು ಇದಕ್ಕಾಗಿಯೇ. ‘ಬೆಳೆಯುವ ಮಗು, ದೊಡ್ಡದೇ ಇರಲಿ’ ಎಂದು ಅಂಗಿ ಹೊಲಿಸುವ ನ್ಯಾಯವು ವಾದ್ಯಕ್ಕೆ ಸಲ್ಲದು.

ತಂತಿಯಿಲ್ಲದ ರಂಗ, ತಂತಿಯುಳ್ಳ ಮನೆ

ಈ ವಾದ್ಯವು ತುಳುನಾಡಿಗೆ ಬಂದಾಗ ಇಲ್ಲಿ ಯಾವ ಯಾವ ನಾದಗಳು ಮೊದಲೇ ನೆಲೆಸಿದ್ದುವೆಂಬುದನ್ನು ನೋಡಬೇಕು. ಇರುಳಿಡೀ ಬಯಲಿನಲ್ಲಿ ನಡೆಯುವ ಯಕ್ಷಗಾನದ ಹಿಮ್ಮೇಳಕ್ಕೆ ಚೆಂಡೆ, ಮದ್ದಳೆ, ಚಕ್ರತಾಳ, ಶ್ರುತಿ ಇವಿಷ್ಟೇ ಸಾಕು, ತಂತಿವಾದ್ಯವಿಲ್ಲ. ಪಾಡ್ದನಕ್ಕೆ ತೆಂಬರೆಯುಂಟು, ಕೋಲಕ್ಕೆ ನಾಗಸ್ವರ ಡೋಲುಗಳುಂಟು, ಅಲ್ಲಿಯೂ ತಂತಿಯಿಲ್ಲ. ಬಯಲಿನ ಜನಸಂದಣಿಯಲ್ಲಿ ತಂತಿಯ ಮೆಲುದನಿಗೆ ಎಡೆಯೂ ಇಲ್ಲವಷ್ಟೆ. ಈ ಸೀಮೆಯಲ್ಲಿ ತಂತಿಯು ಮನೆಯ ವಾದ್ಯವಾಗಿಯೂ, ಆಸ್ಥಾನದ ವಾದ್ಯವಾಗಿಯೂ, ದೇವರ ಮುಂದಣ ವಾದ್ಯವಾಗಿಯೂ ಉಳಿಯಿತು.

1430ರಲ್ಲಿ ಎದ್ದ ಸಾವಿರ ಕಂಬದ ಬಸದಿಯಿಂದ ಹೆಸರಾದ ಮೂಡುಬಿದಿರೆಯು ಸಂಗೀತದ ನೆನಪಿಗೂ ನೆಲೆಯಾದ ಊರು. ಹದಿನಾರನೆಯ ಶತಮಾನದಲ್ಲಿ ಅಲ್ಲಿಯ ರತ್ನಾಕರವರ್ಣಿಯು ‘ಭರತೇಶ ವೈಭವ’ವನ್ನು ರಚಿಸಲು ಆರಿಸಿಕೊಂಡ ಛಂದಸ್ಸು ಸಾಂಗತ್ಯ. ಸಾಂಗತ್ಯವು ಹಾಡುವುದಕ್ಕಾಗಿಯೇ ಹುಟ್ಟಿದ ಮಟ್ಟು. ಗ್ರಂಥವನ್ನು ಓದುವವರಿಗಿಂತ ಹಾಡಿ ಕೇಳಿಸುವವರೂ ಕುಳಿತು ಕೇಳುವವರೂ ಹೆಚ್ಚಾಗಿದ್ದ ಕಾಲದ ಗುರುತು ಅದು. ಆ ಕಿವಿಯ ಸಂಸ್ಕಾರವು ಊರನ್ನು ಬಿಟ್ಟುಹೋಗಿಲ್ಲವೆಂಬುದಕ್ಕೆ, ‘ಆಳ್ವಾಸ್ ವಿರಾಸತ್’ ಉತ್ಸವದಲ್ಲಿ ದೇಶದ ನಾನಾ ಸಂಪ್ರದಾಯದ ಗಾಯಕ ವಾದಕರ ಮುಂದೆ ಸಾವಿರಾರು ಜನ ಬಯಲಿನಲ್ಲಿ ಕುಳಿತುದೇ ನಿದರ್ಶನ.

ಮನೆಯ ತಂತಿವಾದ್ಯಗಳಲ್ಲಿ ವೀಣೆಗೆ ಅಗ್ರಸ್ಥಾನ. ಹಲಸಿನ ಮರದಿಂದ ಕಡೆದ ಕೊಡ, ಮೇಣದಲ್ಲಿ ಕೂರಿಸಿದ 24 ಮೆಟ್ಟುಗಳು, ನಾಲ್ಕು ನುಡಿಸುವ ತಂತಿ, ಮೂರು ತಾಳದ ತಂತಿ, ಇದು ಅದರ ರೂಪ. ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ಈ ಮೆಟ್ಟುಗಳು ಸ್ಥಿರಗೊಂಡುವೆಂದು ಸಂಗೀತದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ವೀಣೆಯ ಹೆಸರು ಇಲ್ಲಿ ಬಂದುದು ಅಲಂಕಾರಕ್ಕಾಗಿ ಅಲ್ಲ. ಗಿಟಾರಿನ ಗುಣದೋಷಗಳನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಅಳತೆಗೋಲು ಈ ನಾಡಿನ ಮನೆಗಳಲ್ಲಿ ಬೇರೊಂದಿಲ್ಲ.

ಫರಂಗಿಗಳ ದಾರಿ

ಬಂಟ್ವಾಳ ತಾಲೂಕಿನಲ್ಲಿ ನೇತ್ರಾವತಿಯ ದಡದ ಮೇಲೆ ಫರಂಗಿಪೇಟೆಯೆಂಬ ಊರಿದೆ. ಪೋರ್ಚುಗೀಸರ ಸಂಬಂಧವನ್ನು ಆ ಊರಿನ ಹೆಸರೇ ಸಾರುತ್ತದೆ. 1510ರಲ್ಲಿ ಗೋವೆಯು ಅವರ ವಶವಾದ ಮೇಲೆ ಅಲ್ಲಿಯ ಇಗರ್ಜಿಗಳಿಗೆ ಹೊಂದಿಕೊಂಡ ಶಾಲೆಗಳಲ್ಲಿ ಮಕ್ಕಳಿಗೆ ಪಾಶ್ಚಾತ್ಯ ಸ್ವರಪಾಠವನ್ನು ಹೇಳಿಕೊಡುವ ಪದ್ಧತಿ ಬೆಳೆಯಿತು. ಮುಂದೆ ಗೋವೆಯಿಂದ ಕೊಂಕಣಿ ಮಾತಿನ ಕ್ರೈಸ್ತ ಕುಟುಂಬಗಳು ತಂಡತಂಡವಾಗಿ ಕೆನರಾ ಸೀಮೆಗೆ ಬಂದು ಗದ್ದೆ ತೋಟಗಳನ್ನು ಮಾಡಿಕೊಂಡು ನೆಲೆಸಿದುವು. ಅವರ ಮದುವೆ ಹಬ್ಬಗಳಲ್ಲಿ ಮೆರೆದುದು ಮಣ್ಣಿನ ಗುಮಟೆಯೂ ಹೆಂಗಸರ ‘ವೋವಿಯೊ’ ಹಾಡುಗಳೂ. 1784ರಲ್ಲಿ ಈ ಜನರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲ್ಪಟ್ಟು, 1799ರ ತರುವಾಯ ಉಳಿದವರು ಮರಳಿ ಬಂದು ಬಾಳನ್ನು ಹೊಸದಾಗಿ ಕಟ್ಟಬೇಕಾಯಿತು.

ಇಲ್ಲೊಂದು ಎಚ್ಚರಿಕೆಯ ಮಾತು ಅವಶ್ಯ. ಪೋರ್ಚುಗೀಸರ ಭಾಷೆಯಲ್ಲಿ ಗಿಟಾರಿನ ಜಾತಿಯ ವಾದ್ಯಕ್ಕೆ ‘ವಿಯೋಲಾ’ ಎಂದು ಹೆಸರು. ಇಂಗ್ಲಿಷಿನಲ್ಲಿ ಅದೇ ಹೆಸರು ಕಮಾನಿನಿಂದ ನುಡಿಸುವ ಬೇರೊಂದು ವಾದ್ಯಕ್ಕೆ ಸಲ್ಲುತ್ತದೆ. ಹಳೆಯ ಬರಹಗಳಲ್ಲಿ ಈ ಶಬ್ದವನ್ನು ಕಂಡು ಪಿಟೀಲಿನ ಬಂಧುವೆಂದು ತಿಳಿದುಕೊಳ್ಳುವುದು ಸುಲಭವಾದ ತಪ್ಪು.

ಇಗರ್ಜಿಯ ಒಳಗೆ ಗಿಟಾರಿಗೆ ಬಾಗಿಲು ತೆರೆದುದು ಬಹಳ ಈಚೆಗೆ. 1962ರಿಂದ 1965ರ ವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೇಶಭಾಷೆಗಳ ಪೂಜಾವಿಧಿಗೂ, ಆರ್ಗನ್ನಿನ ಹೊರತಾದ ವಾದ್ಯಗಳಿಗೂ ಅವಕಾಶವಿತ್ತಿತು. ಅಂದಿನಿಂದ ಲೋಕದ ನಾನಾ ಕಡೆಗಳಲ್ಲಿ ಯುವಕರ ಹಾಡಿನ ತಂಡಗಳು ಗಿಟಾರನ್ನು ಎತ್ತಿಕೊಂಡುವು. ಇತ್ತ ಮಂಗಳೂರಿನಲ್ಲಿ ಕೊಂಕಣಿ ಹಾಡಿನ ಕೋಗಿಲೆಯೆನಿಸಿದ ವಿಲ್ಫಿ ರೆಬಿಂಬಸ್ (1942–2010) ಅವರ ಗೀತೆಗಳು ಮನೆಮನೆಯನ್ನು ಸೇರಿದುವು; 1986ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆಯು ಗುಮಟೆಯಂತಹ ಹಳೆಯ ವಾದ್ಯಗಳಿಗೂ ಹೊಸ ಹಾಡುಗಾರಿಕೆಗೂ ನಂಟು ಕೂಡಿಸಿತು. ಸಿನಿಮಾ ಸಂಗೀತವು ಉಳಿದ ಕೆಲಸವನ್ನು ಮಾಡಿತು. 1981ರ ‘ಗೀತಾ’ ಚಿತ್ರಕ್ಕೆ ಸಂಗೀತವನ್ನಿತ್ತ ಇಳಯರಾಜರು ಸ್ವತಃ ಗಿಟಾರನ್ನು ಕ್ರಮವಾಗಿ ಕಲಿತವರು. ಈ ಪ್ರಕಾರ ಒಂದು ಮತದವರ, ಒಂದು ಭಾಷೆಯವರ ವಾದ್ಯವೆಂಬ ಗುರುತು ಅಳಿದು, ಗಿಟಾರು ಎಲ್ಲ ಮನೆಯ ಮಕ್ಕಳ ಆಸೆಯಾಯಿತು.

ಕರುಳು, ಉಕ್ಕು, ನೈಲಾನು

ಹೊಸಬನು ಅಂಗಡಿಯಲ್ಲಿ ಮೊದಲು ಎದುರಿಸುವ ಪ್ರಶ್ನೆ ತಂತಿಯದು. ಟೋರೆಸನ ಕಾಲದಲ್ಲಿ ಗಿಟಾರಿಗೆ ಪ್ರಾಣಿಗಳ ಕರುಳಿನ ತಂತಿಗಳನ್ನು ಕಟ್ಟುತ್ತಿದ್ದರು. ಅವು ಮೃದು, ಆದರೆ ಬೇಗನೆ ಹರಿಯುವುವು, ಹವೆಯ ತೇವಕ್ಕೆ ಶ್ರುತಿ ಕೆಡುವುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಸ್ತ್ರಚಿಕಿತ್ಸೆಯ ಹೊಲಿಗೆಗೆ ಕರುಳಿನ ದಾರವು ಬೇಕಾದುದರಿಂದ ವಾದಕರಿಗೆ ತಂತಿಯ ಅಭಾವವುಂಟಾಯಿತು. ಆಗ ನ್ಯೂಯಾರ್ಕಿನ ಆಲ್ಬರ್ಟ್ ಅಗಸ್ಟೀನನು ನೈಲಾನಿನ ಎಳೆಯನ್ನು ಪರೀಕ್ಷಿಸಿ ತಂತಿಯನ್ನಾಗಿ ಮಾಡಿದನು; ಸ್ಪೇನಿನ ಮಹಾವಾದಕ ಆಂದ್ರೆಸ್ ಸೆಗೋವಿಯಾ ಅದನ್ನು ಮೆಚ್ಚಿ ಬಳಸಿದನು. ಮೃದುತಂತಿಯ ಗಿಟಾರುಗಳೆಲ್ಲ ಅಂದಿನಿಂದ ನೈಲಾನನ್ನೇ ಧರಿಸಿವೆ.

ಉಕ್ಕಿನ ತಂತಿಯ ಕಥೆ ಬೇರೆ. ಜರ್ಮನಿಯ ಮಾರ್ಕ್‌ನೊಯ್‌ಕಿರ್ಶೆನ್ನಿನಲ್ಲಿ ಹುಟ್ಟಿದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನನು 1833ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ ಗಿಟಾರಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಅವನ ವಾದ್ಯಗಳಲ್ಲಿ ಮೇಲುಹಲಗೆಯ ಒಳಗಣ ಪಟ್ಟಿಗಳು ಗುಣಾಕಾರದ ಚಿಹ್ನೆಯಂತೆ ಒಂದನ್ನೊಂದು ಅಡ್ಡಹಾಯುತ್ತಿದ್ದುವು. ಕರುಳಿನ ಕಾಲದಲ್ಲಿ ಹುಟ್ಟಿದ ಈ ಏರ್ಪಾಡು, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉಕ್ಕಿನ ತಂತಿಯು ಬಳಕೆಗೆ ಬಂದಾಗ ಅದರ ಸೆಳೆತವನ್ನು ತಡೆಯಲು ಸಮರ್ಥವೆನಿಸಿತು. ಸೆಳೆತದ ಭೇದವು ಅಲ್ಪವಲ್ಲ. ನೈಲಾನಿನ ಆರು ತಂತಿಗಳು ಸುಮಾರು 40 ಕಿಲೋಗ್ರಾಂ ಭಾರದಿಂದ ಕುದುರೆಯನ್ನು ಎಳೆದರೆ, ಉಕ್ಕಿನ ತೆಳು ತಂತಿಗಳೂ 70 ಕಿಲೋಗ್ರಾಂ ಮೀರಿ ಎಳೆಯುತ್ತವೆ. ಆದುದರಿಂದ ನೈಲಾನಿಗಾಗಿ ಮಾಡಿದ ವಾದ್ಯಕ್ಕೆ ಉಕ್ಕನ್ನು ಕಟ್ಟಿದರೆ ಕೆಲವು ಕಾಲದಲ್ಲಿಯೇ ಕುದುರೆಯು ಕಿತ್ತುಬರುವುದು. ಹಿರಿಯರ ಹಳೆಯ ಗಿಟಾರಿಗೆ ಹೊಸ ತಂತಿ ಹಾಕಿಸುವ ಮನೆಯವರು ಇದನ್ನು ಮರೆಯಬಾರದು.

ಈ ಭಾರವನ್ನು ಮರವು ಹೇಗೆ ಹೊರುವುದೋ ಹಾಗೆಯೇ ಬೆರಳೂ ಹೊರಬೇಕು. ಉಕ್ಕಿನ ತಂತಿಯು ಎಳೆಯ ಬೆರಳಿನ ತುದಿಯನ್ನು ಮೊದಮೊದಲು ನೋಯಿಸುತ್ತದೆ. ಚರ್ಮವು ಗಟ್ಟಿಯಾಗಲು ಕೆಲವು ವಾರಗಳು ಬೇಕು. ಚಿಕ್ಕ ಮಕ್ಕಳಿಗೆ ನೈಲಾನು ಹಿತವೆಂಬುದು ಇದರಿಂದ ಸಿದ್ಧಿಸುತ್ತದೆ. ಆದರೆ ನೈಲಾನಿನ ಗಿಟಾರಿನ ದಂಡಿಯು ಮೇಲ್ತುದಿಯಲ್ಲಿ ಸುಮಾರು 52 ಮಿಲಿಮೀಟರ್ ಅಗಲ, ಉಕ್ಕಿನದು ಸುಮಾರು 43 ಮಿಲಿಮೀಟರ್ ಎಂಬುದನ್ನೂ ಗಮನಿಸಬೇಕು. ಒಂದರಲ್ಲಿ ನೋವು ಕಡಿಮೆ, ಇನ್ನೊಂದರಲ್ಲಿ ಚಾಚು ಕಡಿಮೆ. ಮಗುವಿನ ಕೈಯನ್ನು ಅಂಗಡಿಗೆ ಕರೆದೊಯ್ಯದೆ ಇದನ್ನು ತೀರ್ಮಾನಿಸಲಾಗದು.

ಅಂಗಡಿಗಳಲ್ಲಿ ಕಣ್ಣಿಗೆ ಮೊದಲು ಬೀಳುವ ದೊಡ್ಡ ಒಡಲಿನ ಗಿಟಾರಿನ ಹೆಸರು ‘ಡ್ರೆಡ್‌ನಾಟ್’. ಇಂಗ್ಲೆಂಡು 1906ರಲ್ಲಿ ನೀರಿಗಿಳಿಸಿದ ಮಹಾ ಯುದ್ಧನೌಕೆಯ ಹೆಸರನ್ನು 1916ರಲ್ಲಿ ಮಾರ್ಟಿನ್ ಕಾರ್ಖಾನೆಯು ಡಿಟ್ಸನ್ ಎಂಬ ವ್ಯಾಪಾರ ಸಂಸ್ಥೆಗಾಗಿ ತಯಾರಿಸಿದ ಈ ಭಾರಿ ವಾದ್ಯಕ್ಕಿಟ್ಟರು. ಗಟ್ಟಿಯಾದ ಧ್ವನಿಗಾಗಿ ಹಿಗ್ಗಿಸಿದ ಆ ಒಡಲು ತಕ್ಕ ವಯಸ್ಸಿನವರಿಗೆ ಒಳ್ಳೆಯದೇ. ಸಣ್ಣ ಮೈಯವರಿಗೆ ಅದನ್ನು ತಬ್ಬಿಕೊಳ್ಳುವುದರಲ್ಲೇ ಭುಜವು ಸೋತುಹೋಗುವುದು.

ಮೆಟ್ಟಿನ ಗಣಿತ

ವೀಣೆಯ ಮೆಟ್ಟು ತಪ್ಪಿದರೆ ಮೇಣವನ್ನು ಕಾಯಿಸಿ ಮತ್ತೆ ಕೂರಿಸಬಹುದು. ಹಳೆಯ ಗಿಟಾರುಗಳಲ್ಲಿಯೂ ಕರುಳಿನ ದಾರವನ್ನೇ ದಂಡಿಗೆ ಸುತ್ತಿ ಮೆಟ್ಟು ಮಾಡುತ್ತಿದ್ದುದರಿಂದ ಅದನ್ನು ಸರಿಸಲಾಗುತ್ತಿತ್ತು. ಇಂದಿನ ಗಿಟಾರಿನ ಲೋಹದ ಮೆಟ್ಟು ಮರದೊಳಗೆ ನಾಟಿದುದು. ತಯಾರಕನು ತಪ್ಪಿದರೆ ಆ ತಪ್ಪು ವಾದ್ಯದ ಆಯುಸ್ಸಿನವರೆಗೂ ನಿಲ್ಲುವುದು.

ಮೆಟ್ಟುಗಳ ಅಂತರಕ್ಕೆ ಒಂದು ಲೆಕ್ಕವುಂಟು. ಖಗೋಳಜ್ಞ ಗೆಲಿಲಿಯೋನ ತಂದೆಯಾದ ವಿಂಚೆಂಜೊ ಗೆಲಿಲಿಯು 1581ರ ತನ್ನ ಗ್ರಂಥದಲ್ಲಿ, ಪ್ರತಿಯೊಂದು ಮೆಟ್ಟಿಗೂ ಉಳಿದ ತಂತಿಯ ಹದಿನೆಂಟನೆಯ ಒಂದು ಪಾಲನ್ನು ಕಳೆಯಬೇಕೆಂಬ ಸೂತ್ರವನ್ನು ಹೇಳಿದನು. 650 ಮಿಲಿಮೀಟರಿನ ತಂತಿಗೆ ಇದನ್ನು ಹಚ್ಚಿದರೆ ಮೊದಲನೆಯ ಮೆಟ್ಟು ಸುಮಾರು 36 ಮಿಲಿಮೀಟರಿನಲ್ಲಿ ಬೀಳುವುದು. ಹನ್ನೆರಡನೆಯದು ಮಾತ್ರ ಸರಿಯಾಗಿ ನಡುವಿಗೆ, ಎಂದರೆ 325 ಮಿಲಿಮೀಟರಿಗೆ ಬೀಳದೆ, ಎರಡೂವರೆ ಮಿಲಿಮೀಟರಿನಷ್ಟು ಹಿಂದೆ ಉಳಿಯುವುದು. ಹದಿನೆಂಟರ ಬದಲು 17.817ನ್ನು ತೆಗೆದುಕೊಂಡರೆ ಈ ದೋಷವು ಕಳೆಯುತ್ತದೆ. ಇಂದಿನ ಕಾರ್ಖಾನೆಗಳು ಅನುಸರಿಸುವುದು ಅದನ್ನೇ.

ಲೆಕ್ಕವು ಯಾರಿಗೆ ಬೇಡವಾದರೂ ಪರೀಕ್ಷೆಯು ಎಲ್ಲರಿಗೂ ಬೇಕು. ಹನ್ನೆರಡನೆಯ ಮೆಟ್ಟಿನ ನೇರಕ್ಕೆ ತಂತಿಯನ್ನು ಒತ್ತದೆ, ಬೆರಳಿನಿಂದ ಹಗುರವಾಗಿ ಮುಟ್ಟಿ ಮೀಟಿದರೆ ಗಂಟೆಯಂತಹ ಒಂದು ಸ್ವರ ಕೇಳಿಸುತ್ತದೆ. ಅಲ್ಲಿಯೇ ತಂತಿಯನ್ನು ಒತ್ತಿ ಮೀಟಿದರೆ ಬರುವ ಸ್ವರವೂ ಅದರೊಡನೆ ಕೂಡಬೇಕು. ಕೂಡದಿದ್ದರೆ ಆ ವಾದ್ಯವು ಯಾವ ಕಾಲಕ್ಕೂ ಶ್ರುತಿ ಸೇರದು. ಎರಡನೆಯ ಪರೀಕ್ಷೆಯು ಎತ್ತರದ್ದು. ಅದೇ ಮೆಟ್ಟಿನ ಮೇಲೆ ತಂತಿಯು ಎಷ್ಟು ಎತ್ತರದಲ್ಲಿ ನಿಂತಿದೆಯೆಂದು ಅಳತೆಪಟ್ಟಿಯಿಂದ ನೋಡಬೇಕು. ಉಕ್ಕಿನ ತಂತಿಗೆ ಎರಡರಿಂದ ಮೂರು ಮಿಲಿಮೀಟರ್, ನೈಲಾನಿಗೆ ಮೂರರಿಂದ ನಾಲ್ಕು ಮಿಲಿಮೀಟರ್ ಸಾಕು. ಅದಕ್ಕೆ ಬಹಳ ಮೇಲಿದ್ದರೆ ಪಳಗಿದ ವಾದಕನ ಬೆರಳೇ ದಣಿಯುವುದು. ಮಗುವಿನ ಪಾಡನ್ನು ಹೇಳತಕ್ಕುದೇನು? ಗಾದೆಯ ಡೊಂಕು ನೆಲವೆಂದರೆ ಇದೇ.

ಬಂಗಾಳದ ಕಡೆಯಿಂದ ಬರುವ ಹಳೆಯ ಗಿಟಾರುಗಳಲ್ಲಿ ತಂತಿಯು ಬೇಕೆಂದೇ ಎತ್ತರವಾಗಿರುವುದುಂಟು. ಅವು ಹವಾಯಿ ದ್ವೀಪದ ರೀತಿಯವು. ಮಡಿಲಲ್ಲಿಟ್ಟು ಲೋಹದ ಕಡ್ಡಿಯನ್ನು ತಂತಿಯ ಮೇಲೆ ಜಾರಿಸಿ ನುಡಿಸತಕ್ಕುವು. ಹವಾಯಿಯ ವಾದಕ ಟಾವು ಮೋ ಎಂಬವನು 1940ರ ದಶಕದಲ್ಲಿ ಕಲ್ಕತ್ತೆಯಲ್ಲಿದ್ದು ಆ ವಾದ್ಯವನ್ನು ಅಲ್ಲಿ ಜನಪ್ರಿಯಗೊಳಿಸಿದನು. ಆ ವಂಶದಿಂದಲೇ ಬ್ರಿಜ್‌ಭೂಷಣ ಕಾಬ್ರಾ, ವಿಶ್ವಮೋಹನ ಭಟ್ಟ ಮೊದಲಾದವರ ರಾಗವಾದನವು ಬೆಳೆಯಿತು. ಅಗ್ಗಕ್ಕೆ ಸಿಕ್ಕಿತೆಂದು ಇದನ್ನು ತಂದು ಬೆರಳಿನಿಂದ ಒತ್ತಿಸಹೋದರೆ ವಾದ್ಯಕ್ಕೂ ಮಗುವಿಗೂ ಅನ್ಯಾಯ.

ಘಟ್ಟದ ಮರ, ಘಟ್ಟದ ಮಳೆ

ಇನ್ನು ಮರದ ವಿಷಯ. ಇಲ್ಲಿ ಚರಿತ್ರೆಯು ಬೆಳ್ತಂಗಡಿಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಚಾರ್ಮಾಡಿ ಘಟ್ಟದ ಮೇಲಣ ಮಲೆನಾಡು, ಕೊಡಗು, ವಯನಾಡುಗಳ ಕಾಡಿನಲ್ಲಿ ಬೆಳೆಯುವ ಬೀಟೆಯ ಮರವು ಲೋಕದ ಗಿಟಾರು ತಯಾರಕರಿಗೆ ಚಿರಪರಿಚಿತವಾದುದು. ಮೊದಲು ಅವರು ಗಿಟಾರಿನ ಬೆನ್ನಿಗೂ ಪಕ್ಕೆಗಳಿಗೂ ಬ್ರೆಜಿಲಿನ ಬೀಟೆಯನ್ನು ಬಳಸುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಅದು ದುರ್ಲಭವಾಗಲು ಭಾರತದ ಬೀಟೆಯು ಆ ಸ್ಥಾನಕ್ಕೆ ಬಂದಿತು. 1992ರಲ್ಲಿ ಬ್ರೆಜಿಲಿನ ಮರದ ಅಂತರರಾಷ್ಟ್ರೀಯ ವ್ಯಾಪಾರವೇ ನಿಷಿದ್ಧವಾಯಿತು. 2017ರಲ್ಲಿ ಭಾರತದ ಬೀಟೆಯೂ ಸೇರಿದಂತೆ ಆ ಕುಲದ ಮರಗಳೆಲ್ಲ ನಿಯಂತ್ರಣಕ್ಕೆ ಒಳಪಟ್ಟುವು. 2019ರಲ್ಲಿ ಸಿದ್ಧವಾದ್ಯಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ನ್ಯೂಯಾರ್ಕಿನಲ್ಲೋ ಟೋಕಿಯೋದಲ್ಲೋ ಮೀಟಿದ ಗಿಟಾರಿನ ಬೆನ್ನಿನಲ್ಲಿ ಸಹ್ಯಾದ್ರಿಯ ಮರವು ಮಿಡಿಯುವುದೆಂಬುದು ಈ ಸೀಮೆಯವರಿಗೆ ಸೋಜಿಗದ ಸಂಗತಿಯೇ ಸರಿ.

ಆದರೆ ಅದೇ ಘಟ್ಟವು ತಡೆದು ಸುರಿಸುವ ಮಳೆಯು ವಾದ್ಯಕ್ಕೆ ಶತ್ರು. ಈ ತಾಲೂಕುಗಳಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯಾಗುವುದು. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಹವೆಯಲ್ಲಿ ತೇವವು ನೂರಕ್ಕೆ ಐವತ್ತರ ಆಸುಪಾಸಿನಲ್ಲಿದ್ದರೆ ಗಿಟಾರಿಗೆ ಹಿತ. ಆಟಿಯ ತಿಂಗಳಲ್ಲಿ ಅದು ತೊಂಬತ್ತನ್ನು ಮುಟ್ಟುವುದು. ಒಂದೇ ಹಲಗೆಯಿಂದ ಮಾಡಿದ ಮೇಲುಹಲಗೆಯು ತೇವವನ್ನು ಹೀರಿ ಉಬ್ಬುವುದು, ಕುದುರೆಯು ಮೇಲೇಳುವುದು, ತಂತಿಯು ಮೆಟ್ಟಿನಿಂದ ದೂರ ಸರಿಯುವುದು. ಬೇಸಗೆಯಲ್ಲಿ ಸರಿಯಾಗಿದ್ದ ವಾದ್ಯವು ಮಳೆಗಾಲದಲ್ಲಿ ಬೆರಳನ್ನು ನೋಯಿಸುವುದರ ಗುಟ್ಟು ಇದು. ತೆಳು ಪದರಗಳನ್ನು ಅಡ್ಡಡ್ಡವಾಗಿ ಅಂಟಿಸಿದ ಪ್ಲೈವುಡ್ಡಿನ ಮೇಲುಹಲಗೆಯು ನಾದದಲ್ಲಿ ಸ್ವಲ್ಪ ಕೆಳಗಾದರೂ ತೇವಕ್ಕೆ ಅಷ್ಟು ಬೇಗ ಮಣಿಯದು. ಪರಊರಿನ ಪಂಡಿತರು ಒಂದೇ ಹಲಗೆಯ ವಾದ್ಯವನ್ನೇ ಹೊಗಳಿದರೂ, ಬೆಳ್ತಂಗಡಿಯ ಮನೆಯ ಮೊದಲನೆಯ ವಾದ್ಯಕ್ಕೆ ಪದರದ ಹಲಗೆಯು ಕೊರತೆಯೆನಿಸಲಾರದು. ಗೋಡೆಯ ಮೊಳೆಯಾದರೋ ಮಳೆಗಾಲದ ತಂಪು ಗೋಡೆಗೆ ವಾದ್ಯವನ್ನು ಒಪ್ಪಿಸುವ ಉಪಾಯ. ಪೆಟ್ಟಿಗೆಯೊಳಗೆ, ಅಟ್ಟಕ್ಕೂ ನೆಲಕ್ಕೂ ತಾಗದಂತೆ ಇಡುವುದು ಲೇಸು.

ಕಾರ್ಖಾನೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಮುಂಬಯಿಯ ಫುರ್ಟಾಡೋಸ್ ಅಂಗಡಿಯು 1865ರಿಂದ ಪಾಶ್ಚಾತ್ಯ ವಾದ್ಯಗಳ ವ್ಯಾಪಾರಕ್ಕೆ ಹೆಸರಾದುದು. ಕಲ್ಕತ್ತೆಯ ಗಿವ್‌ಸನ್ ಗಿಟಾರುಗಳು ಬಹು ಮಂದಿ ಭಾರತೀಯರ ಮೊದಲ ವಾದ್ಯವಾದುವು. 1887ರಲ್ಲಿ ರೀಡ್ ಆರ್ಗನ್ನಿನಿಂದ ತೊಡಗಿದ ಜಪಾನಿನ ಯಮಹಾ ಸಂಸ್ಥೆಯು 1966ರಲ್ಲಿ ‘ಎಫ್‌ಜಿ 180’ ಎಂಬ ಗಿಟಾರನ್ನು ಹೊರತಂದು ಸಾಮಾನ್ಯರ ಕೈಗೆಟಕುವ ವಾದ್ಯಗಳ ದಾರಿಯನ್ನು ತೆರೆಯಿತು. ಹೆಸರು ಯಾವುದಾದರೂ ಮೇಲೆ ಹೇಳಿದ ಪರೀಕ್ಷೆಗಳನ್ನು ಬಿಡತಕ್ಕುದಲ್ಲ.

ಪಾಣೆಮಂಗಳೂರ ಕಡೆಯ ಹುಡುಗ

ಪರದೇಶದ ವಾದ್ಯವನ್ನು ಮಗುವಿನ ಕೈಗಿತ್ತರೆ ಸ್ವದೇಶದ ರಾಗವು ಕೈತಪ್ಪುವುದೆಂಬ ಅಂಜಿಕೆಯು ಹಲವು ಮನೆಗಳಲ್ಲಿ ಉಂಟು. ಇದಕ್ಕೆ ಆಧಾರವೇ ಇಲ್ಲವೆನ್ನುವಂತಿಲ್ಲ. ಗಿಟಾರಿನ ಸ್ವರಗಳು ಸಮಭಾಗಗಳಲ್ಲಿ ಕಟ್ಟಲ್ಪಟ್ಟಿವೆ. ರಾಗದ ಸ್ವರವಾದರೋ ಕಂಪಿಸುತ್ತ ಜಾರುತ್ತ ನಡೆಯುವಂತಹದು. ಇಂತಹ ಕಾರಣದಿಂದಲೇ ಆಕಾಶವಾಣಿಯು 1940ರಿಂದ 1971ರ ವರೆಗೆ ಹಾರ್ಮೋನಿಯಮ್ಮನ್ನು ದೂರವಿಟ್ಟಿತ್ತು.

ಈ ಅಂಜಿಕೆಗೆ ಉತ್ತರವು ಬಂಟ್ವಾಳ ತಾಲೂಕಿನಲ್ಲಿಯೇ ಹುಟ್ಟಿತು. ಪಾಣೆಮಂಗಳೂರ ಬಳಿಯ ಸಜಿಪಮೂಡದಲ್ಲಿ 1949ರಲ್ಲಿ ಜನಿಸಿದ ಗೋಪಾಲನಾಥರ ತಂದೆ ತನಿಯಪ್ಪನವರು ನಾಗಸ್ವರದ ವಿದ್ವಾಂಸರು. ಮಗನ ಮೊದಲ ಪಾಠವೂ ನಾಗಸ್ವರದಲ್ಲಿಯೇ. ಮೈಸೂರಿನ ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮನಸೋತ ಬಾಲಕನು ಅದನ್ನೇ ಸಾಧಿಸಲು ಹೊರಟನು. ಬೆಲ್ಜಿಯಮ್ಮಿನ ಅಡಾಲ್ಫ್ ಸಾಕ್ಸನು 1846ರಲ್ಲಿ ಹಕ್ಕುಪತ್ರ ಪಡೆದ ಆ ವಾದ್ಯದಲ್ಲಿ ಗಮಕವನ್ನು ಹೊರಡಿಸಲು ಮೊದಲು ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರರ, ತರುವಾಯ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರ ಪಾಠವೂ, ಸುಮಾರು ಇಪ್ಪತ್ತು ವರ್ಷಗಳ ಸಾಧನೆಯೂ ಬೇಕಾಯಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವರು ನುಡಿಸಿದರು. 2004ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕದ್ರಿ ಗೋಪಾಲನಾಥರೆಂಬ ಹೆಸರು ಸ್ಯಾಕ್ಸೋಫೋನಿಗೆ ಪರ್ಯಾಯವೇ ಆಗಿತ್ತು. ಪಿಟೀಲು ಹತ್ತೊಂಬತ್ತನೆಯ ಶತಮಾನದಲ್ಲಿ ಬಾಲುಸ್ವಾಮಿ ದೀಕ್ಷಿತರ ಕೈಯಲ್ಲಿ ನಡೆದ ದಾರಿ ಇದೇ, ಆಂಧ್ರದ ಯು. ಶ್ರೀನಿವಾಸರ ಮ್ಯಾಂಡೊಲಿನ್ ನಡೆದ ದಾರಿಯೂ ಇದೇ.

ಈ ಜೀವನದಲ್ಲಿ ಎಲ್ಲರೂ ಕಾಣುವುದು ಸ್ಯಾಕ್ಸೋಫೋನಿನ ವಿಜಯವನ್ನು. ಹೆತ್ತವರು ಕಾಣಬೇಕಾದುದು ಅದರ ಆರಂಭವನ್ನು. ಹುಡುಗನ ಮೊದಲನೆಯ ವಾದ್ಯವು ಮನೆಯಲ್ಲಿದ್ದುದು. ಅದನ್ನು ಕಲಿಸುವ ಗುರುವು ಮನೆಯಲ್ಲಿಯೇ ಇದ್ದನು. ದಿನವೂ ಅದರ ಶ್ರುತಿಯು ಕಿವಿಗೆ ಬೀಳುತ್ತಿದ್ದಿತು. ಆ ಅಡಿಪಾಯವಿದ್ದುದರಿಂದಲೇ ಎರಡನೆಯ ವಾದ್ಯವನ್ನು ಸ್ವಂತ ಆಸೆಯಿಂದ ಆರಿಸಿಕೊಳ್ಳುವ ಧೈರ್ಯ ಬಂದಿತು. ಮೊದಲನೆಯ ವಾದ್ಯವು ಕೊನೆಯ ವಾದ್ಯವಾಗಬೇಕಾದುದಿಲ್ಲ. ಕಿವಿಯನ್ನೂ ಕೈಯನ್ನೂ ಮುರಿಯದೆ ಮುಂದಣ ವಾದ್ಯದ ಹೊಸ್ತಿಲಿಗೆ ಒಯ್ದರೆ ಅದರ ಧರ್ಮವು ಸಂದಿತು.

ಆಯ್ಕೆಯ ಸಾರ

ಹೀಗಿರಲು, ಮಗುವು ಗಿಟಾರು ಬೇಕೆಂದಾಗ ಮೊದಲು ವಿಚಾರಿಸಬೇಕಾದುದು ಬೆಲೆಯನ್ನಲ್ಲ, ಗುರುವನ್ನು. ಪೇಟೆಯಲ್ಲಿಯೋ ನೆರೆಯಲ್ಲಿಯೋ ವಾರಕ್ಕೊಮ್ಮೆಯಾದರೂ ಕಲಿಸುವವರು ಯಾರು, ಅವರು ಕಲಿಸುವುದು ನೈಲಾನಿನ ರೀತಿಯೋ ಉಕ್ಕಿನ ರೀತಿಯೋ ಎಂಬುದರಿಂದ ಅರ್ಧ ಆಯ್ಕೆಯು ಮುಗಿಯುವುದು. ತರುವಾಯ ಮಗುವನ್ನು ಕೂರಿಸಿ, ವಾದ್ಯವನ್ನು ತೊಡೆಯ ಮೇಲಿಟ್ಟು, ಭುಜವು ಏಳದೆ ಬಲಗೈ ತಂತಿಯನ್ನು ಮುಟ್ಟುವುದೇ ಎಂದು ನೋಡಬೇಕು. ಮೊದಲನೆಯ ಮೆಟ್ಟಿನಲ್ಲಿ ಒಂದೊಂದೇ ತಂತಿಯನ್ನು ಒತ್ತಿಸಿ ನೋವನ್ನು ಕೇಳಬೇಕು. ಹನ್ನೆರಡನೆಯ ಮೆಟ್ಟಿನ ಎರಡು ಪರೀಕ್ಷೆಗಳನ್ನು ಮಾಡಬೇಕು. ಬಿರಡೆಗಳು ನಯವಾಗಿ ತಿರುಗಿ ತಿರುಗಿಸಿದಲ್ಲಿ ನಿಲ್ಲುವುವೇ ಎಂದು ಪರೀಕ್ಷಿಸಬೇಕು. ಬಣ್ಣವನ್ನು ಇವೆಲ್ಲವೂ ಮುಗಿದ ಮೇಲೆ ಮಗುವಿನ ಇಷ್ಟಕ್ಕೆ ಬಿಡಬಹುದು. ಬೆಲೆಯಲ್ಲಿ ಕೆಲವು ನೂರು ರೂಪಾಯಿ ಉಳಿದರೆ ಅದು ಕುಶಲಿಯೊಬ್ಬನಿಂದ ತಂತಿಯ ಎತ್ತರವನ್ನು ತಗ್ಗಿಸಲು ಸಲ್ಲಲಿ. ಆ ಹಣದಷ್ಟು ಫಲ ಕೊಡುವ ವೆಚ್ಚವು ಬೇರೊಂದಿಲ್ಲ.

“ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ” ಎಂದು ಇನ್ನೊಂದು ಗಾದೆ. ಮೊದಲನೆಯ ಮೂರು ತಿಂಗಳು ಮಗುವು ಹಾಡುವುದೋ ನರಳುವುದೋ ಎಂಬುದು ಬಹುಮಟ್ಟಿಗೆ ಮಿಲಿಮೀಟರುಗಳ ಮಾತು. ಆ ಮಿಲಿಮೀಟರುಗಳನ್ನು ಹಿರಿಯರು ಅಳೆದುಕೊಟ್ಟರೆ ಉಳಿದುದನ್ನು ಮಗುವೇ ಅಳೆದುಕೊಳ್ಳುವುದು. ಅದಾದ ಮೇಲೂ ಮಗುವು ಕಲಿಯದಿದ್ದರೆ ಆಗ ಬೇಕಾದರೆ ನೆಲ ನೇರವಾಗಿತ್ತೆಂದು ಹೇಳಬಹುದು. ಅದಕ್ಕೆ ಮುಂಚೆ ಹೇಳುವ ಅಧಿಕಾರವು ಯಾವ ಮನೆಯ ಹಿರಿಯರಿಗೂ ಇಲ್ಲ.